ವೀರಗಲ್ಲಿಲ್ಲದ ವೀರರು

ಬಾಗಲಕೋಟೆ ಜಿಲ್ಲೆಯ ನೆಲದಲ್ಲಿ ವೀರರ ಹೆಸರಿಗೆ ಕೊರತೆಯಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ದೇವಾಲಯದ ಗೋಡೆಯ ಮೇಲೆ, ರವಿಕೀರ್ತಿ ಎಂಬ ಕವಿಯು ಕ್ರಿ.ಶ. ೬೩೪ರಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಬರೆಯಿಸಿದನು. ಬಾದಾಮಿಯ ಬಂಡೆಯೊಂದರ ಮೇಲೆ ಸುಮಾರು ಕ್ರಿ.ಶ. ೭೦೦ರ ಕಾಲದ ಒಂದು ಶಾಸನವಿದೆ. ಕಪ್ಪೆ ಅರಭಟ್ಟನೆಂಬ ವೀರನ ಗುಣಗಳನ್ನು ಅದು ಹೊಗಳುತ್ತದೆ. ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿ ನಮಗೆ ದೊರೆಯುವುದೂ ಅಲ್ಲಿಯೇ. ಇನ್ನು ಹೊಲದ ಬದುಗಳಲ್ಲಿ, ಊರಬಾಗಿಲುಗಳಲ್ಲಿ, ಗುಡಿಗಳ ಅಂಗಳಗಳಲ್ಲಿ ನಿಂತಿರುವ ವೀರಗಲ್ಲುಗಳಂತೂ ಕನ್ನಡ ನಾಡಿನಲ್ಲಿ ಎಣಿಸಿ ಮುಗಿಯದಷ್ಟಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಅವನು ಸೇರಿದ ದೇವಸನ್ನಿಧಿ—ಇದು ಆ ಕಲ್ಲುಗಳ ವಾಡಿಕೆಯ ರೂಪ.

ಈ ಕಲ್ಲುಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಕಲ್ಲು ನಿಲ್ಲುವುದು ಮಡಿದವನಿಗೆ. ಕೆಲವು ವೀರಗಲ್ಲುಗಳ ಬರಹದಲ್ಲಿ 'ಪೆಣ್ಬುಯ್ಯಲ್' ಎಂಬ ಮಾತು ಬರುತ್ತದೆ. ಹೆಣ್ಣಿನ ಮೊರೆ ಎಂದು ಅದರ ಅರ್ಥ. ಆ ಮೊರೆಯನ್ನು ಕೇಳಿ ಓಡಿಬಂದು, ಹೋರಾಡಿ, ಪ್ರಾಣಕೊಟ್ಟವನ ಹೆಸರು ಕಲ್ಲಿನಲ್ಲಿ ಉಳಿಯಿತು. ಉಳಿಯತಕ್ಕದ್ದೇ. ಆದರೆ ಮೊರೆಯಿಟ್ಟ ಹೆಣ್ಣು ಯಾರು, ಆ ದಿನ ಕಳೆದ ಮೇಲೆ ಆಕೆ ಹೇಗೆ ಬಾಳಿದಳು, ಊರು ಆಕೆಯನ್ನು ಹೇಗೆ ನಡೆಸಿಕೊಂಡಿತು—ಶಿಲ್ಪಿಯ ಉಳಿ ಇದನ್ನು ಹೇಳುವ ಗೋಜಿಗೆ ಹೋಗಲಿಲ್ಲ.

ಕಪ್ಪೆ ಅರಭಟ್ಟನ ಶಾಸನದಲ್ಲಿ ಒಂದು ಸಂಸ್ಕೃತ ಶ್ಲೋಕವೂ ಇದೆ. ಮಾನಗೇಡಿನ ಬಾಳಿಗಿಂತ ಸಾವನ್ನೇ ಮೇಲೆಂದು ಎಣಿಸುವ ಭಾವ ಅದರದು. ರಣರಂಗದಲ್ಲಿ ಆಯುಧ ಹಿಡಿದು ನಿಂತ ಯೋಧನಿಗೆ ಈ ಮಾತು ಒಪ್ಪೀತು. ಏಳೆಂಟು ವರ್ಷದ ಮಗುವಿನ ಮೇಲೆ ದೊಡ್ಡವರೊಬ್ಬರು ದೌರ್ಜನ್ಯವೆಸಗಿದಾಗಲೂ ಸಮಾಜವು ಇದೇ ಅಳತೆಗೋಲನ್ನು ಹಿಡಿದು ನಿಂತರೆ ಏನಾಗುತ್ತದೆ? 'ಮಾನ ಹೋಯಿತು' ಎಂದು ಮನೆಯವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಯಾರ ಮಾನ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕಳವಾದ ಮನೆಯವನನ್ನು ಕಳ್ಳನೆಂದು ಕರೆಯುವವರು ಲೋಕದಲ್ಲಿ ಇಲ್ಲ; ಆದರೆ ಈ ಒಂದು ಅಪರಾಧದಲ್ಲಿ ಮಾತ್ರ, ಮಾಡಿದವನು ತಲೆಯೆತ್ತಿ ನಡೆಯುತ್ತಾನೆ, ಅನುಭವಿಸಿದವರು ತಲೆ ತಗ್ಗಿಸುತ್ತಾರೆ. ಹೀಗೆ ತನ್ನದಲ್ಲದ ನಾಚಿಕೆಯನ್ನು ಹೊತ್ತು, ಅದರ ಭಾರದಡಿಯಲ್ಲಿಯೂ ಕುಸಿಯದೆ ಬಾಳಿದವರನ್ನು ವೀರರೆಂದು ಕರೆಯಬಹುದೆ ಎಂಬುದೇ ಇಲ್ಲಿ ವಿಚಾರಮಾಡಬೇಕಾದ ವಿಷಯ. ಕರೆಯಬಹುದೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ನಿದರ್ಶನವನ್ನು ದೂರದೇಶದಿಂದ ತರಬೇಕಾಗಿಲ್ಲ.

ಬಾಗಲಕೋಟೆಯ ಮಗ್ಗುಲಲ್ಲಿ ಹರಿಯುವ ಘಟಪ್ರಭಾ ನದಿಯ ಜಾಡು ಹಿಡಿದು ಮೇಲಕ್ಕೆ ಸಾಗಿದರೆ ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆ ಸಿಗುತ್ತದೆ. ಮಲಪ್ರಭೆಯ ಜಾಡು ಹಿಡಿದರೆ ಸವದತ್ತಿ. ಅಲ್ಲಿಯ ಗುಡ್ಡದ ಮೇಲೆ ಯಲ್ಲಮ್ಮನ ಗುಡಿ. ಈ ಎರಡು ನದಿಗಳ ನಡುವಿನ ಮತ್ತು ಸುತ್ತಲಿನ ನಾಡಿನಲ್ಲಿ ಬಹುಕಾಲದಿಂದ ಒಂದು ಕ್ರೂರ ಪದ್ಧತಿ ನಡೆದುಬಂದಿತು. ಅದಕ್ಕೆ 'ಮುತ್ತು ಕಟ್ಟುವುದು' ಎಂದು ಹೆಸರು. ಇನ್ನೂ ಬುದ್ಧಿ ಬಲಿಯದ ಹುಡುಗಿಯ ಕೊರಳಿಗೆ ಕೆಂಪು ಬಿಳುಪು ಮಣಿಗಳ ಸರವನ್ನು ಕಟ್ಟಿ, ಆಕೆಯನ್ನು ದೇವಿಗೆ ಅರ್ಪಿಸಿದೆವೆಂದು ಹೇಳುತ್ತಿದ್ದರು. ಈ ಸೀಮೆಯಲ್ಲಿ ಮದುವೆಯೆಂದರೆ ಇಳಕಲ್ಲಿನ ಮಗ್ಗದಲ್ಲಿ ನೇಯ್ದ, ಕೆಂಪು ಸೆರಗಿನ ಸೀರೆಯ ಸಂಭ್ರಮ. ಮುತ್ತು ಕಟ್ಟುವ ದಿನವೂ ಮಗುವನ್ನು ಮದುಮಗಳಂತೆಯೇ ಸಿಂಗರಿಸುತ್ತಿದ್ದರು. ಮದುಮಗನೊಬ್ಬನು ಮಾತ್ರ ಇರುತ್ತಿರಲಿಲ್ಲ. ಮುಂದೆ ಆ ಹುಡುಗಿ ಯಾರನ್ನೂ ಮದುವೆಯಾಗುವಂತಿಲ್ಲ. ಹರೆಯಕ್ಕೆ ಕಾಲಿಡುತ್ತಿದ್ದಂತೆ ಊರಿನ ಉಳ್ಳವರ ವಶವಾಗಬೇಕು. ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ. ದೇವರ ಹೆಸರಿನಲ್ಲಿ ನಡೆದರೂ ಇದು ಮಗುವಿನ ಮೇಲೆ ನಡೆದ ದೌರ್ಜನ್ಯವೇ ಹೊರತು ಬೇರೆಯಲ್ಲ.

ತಂದೆತಾಯಿಗಳು ಕಟುಕರಾಗಿದ್ದರೆ ಎಂದರೆ, ಹಾಗೆ ಹೇಳಿ ಮುಗಿಸುವುದು ಸುಲಭ. ಕಾರಣಗಳು ಹಲವು. ಮನೆಯಲ್ಲಿ ಗಂಡುಮಗನಿಲ್ಲ, ಮುಪ್ಪಿನಲ್ಲಿ ನೋಡಿಕೊಳ್ಳುವವರಿಲ್ಲ. ಮುತ್ತು ಕಟ್ಟಿದ ಮಗಳಾದರೆ ತವರಿನಲ್ಲಿಯೇ ಉಳಿಯುತ್ತಾಳೆ. ಮನೆಯಲ್ಲಿ ಯಾರಿಗೋ ವಾಸಿಯಾಗದ ರೋಗ. ದೇವಿಗೆ ಹರಕೆ ಹೊರುತ್ತಾರೆ. ಎಣ್ಣೆ ನೀರು ಕಾಣದ ಹುಡುಗಿಯ ಕೂದಲು ಗಂಟುಗಟ್ಟಿ ಜಡೆಯಾಗುತ್ತದೆ. ದೇವಿ ಕರೆದಿದ್ದಾಳೆಂದು ಹಿರಿಯರು ಹೇಳುತ್ತಾರೆ. ಹೀಗೆ ಅರ್ಪಿತರಾದವರು ಬಹುಮಟ್ಟಿಗೆ ದಲಿತ ಕುಟುಂಬಗಳ ಮಕ್ಕಳು. ದೇವಿಯ ಕರೆ ಉಳ್ಳವರ ಮನೆಯ ಬಾಗಿಲನ್ನು ತಟ್ಟುತ್ತಿರಲಿಲ್ಲವೆಂಬುದನ್ನು ಗಮನಿಸಿದರೆ ಈ ಪದ್ಧತಿಯ ನಿಜರೂಪ ತಿಳಿಯುತ್ತದೆ.

ಕಾನೂನು ಸುಮ್ಮನಿದ್ದಿತೆಂದಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿಯೇ, ೧೯೩೪ರಲ್ಲಿ, ಮುಂಬಯಿ ದೇವದಾಸಿ ಸಂರಕ್ಷಣಾ ಕಾಯಿದೆ ಬಂದಿತು. ಕರ್ನಾಟಕ ಸರ್ಕಾರವು ೧೯೮೨ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯನ್ನು ರೂಪಿಸಿತು. ೧೯೮೪ರಲ್ಲಿ ಅದು ಜಾರಿಗೆ ಬಂದಿತು. ಸಮರ್ಪಣೆಯಲ್ಲಿ ಪಾಲ್ಗೊಂಡವರಿಗೆ ಸೆರೆಮನೆ, ತಂದೆತಾಯಿ ಬಂಧುಗಳೇ ಪಾಲ್ಗೊಂಡರೆ ಇನ್ನೂ ಹೆಚ್ಚಿನ ಶಿಕ್ಷೆ ಎಂದು ಅದು ವಿಧಿಸಿತು. ಆಮೇಲೂ ಪದ್ಧತಿ ಗುಟ್ಟಾಗಿ ಮುಂದುವರಿಯಿತು. ೧೯೯೩-೯೪ ಮತ್ತು ೨೦೦೭-೦೮ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು ೪೬,೬೬೦ ದೇವದಾಸಿಯರನ್ನು ಗುರುತಿಸಲಾಯಿತು. ಇವರಲ್ಲಿ ಬಾಗಲಕೋಟೆ ಜಿಲ್ಲೆಯವರೂ ಸೇರಿದ್ದಾರೆ. ಈ ಸಂಖ್ಯೆಯಲ್ಲಿ ಒಬ್ಬೊಬ್ಬರೂ ಒಂದು ಕಾಲಕ್ಕೆ ಕುಂಟೆಬಿಲ್ಲೆ ಆಡುವ ಹುಡುಗಿಯಾಗಿದ್ದರು.

ಅವರಲ್ಲೊಬ್ಬರು ಸೀತವ್ವ ಜೋಡಟ್ಟಿ. ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನವರು. ಗಂಡುಮಕ್ಕಳಿಲ್ಲದ ಬಡಮನೆಯಲ್ಲಿ ಹುಟ್ಟಿದ ಅವರಿಗೆ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದರು. ಏಳು ವರ್ಷವೆಂದರೆ ಎರಡನೆಯ ತರಗತಿಯ ವಯಸ್ಸು. ತನಗೆ ಏನಾಗುತ್ತಿದೆ ಎಂಬ ಅರಿವೂ ಮೂಡದ ಆ ವಯಸ್ಸಿನಲ್ಲಿ ಆಕೆಯ ಮುಂದಿನ ಬಾಳನ್ನೆಲ್ಲ ಬೇರೆಯವರು ತೀರ್ಮಾನಿಸಿದರು. ೧೯೯೦ರ ದಶಕದಲ್ಲಿ ದೇವದಾಸಿಯರ ಪುನರ್ವಸತಿಯ ಕೆಲಸ ಬೆಳಗಾವಿ ಜಿಲ್ಲೆಯಲ್ಲಿ ಆರಂಭವಾದಾಗ ಅವರು ಅದರೊಳಗೆ ಬಂದರು. ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ೧೯೯೭ನೆಯ ವರ್ಷದಲ್ಲಿಯೇ, ಘಟಪ್ರಭಾದಲ್ಲಿ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ' ಹುಟ್ಟಿತು. 'ಮಾಸ್' ಎಂದು ಅದನ್ನು ಚಿಕ್ಕದಾಗಿ ಕರೆಯುತ್ತಾರೆ. ಹೊರಗಿನವರು ಬಂದು ಉದ್ಧರಿಸುವ ಸಂಸ್ಥೆ ಅದಲ್ಲ. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳೇ ಅದರ ಸದಸ್ಯರು, ಅವರೇ ಅದನ್ನು ನಡೆಸುವವರು. ಸೀತವ್ವ ಮುಂದೆ ಅದರ ಮುಖ್ಯ ಕಾರ್ಯನಿರ್ವಾಹಕಿಯಾದರು. ಸಾವಿರಾರು ಹೆಂಗಸರು ಈ ಸಂಸ್ಥೆಯ ಮೂಲಕ ಆ ಬಾಳಿನಿಂದ ಹೊರಬಂದು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡರು, ಕಸುಬು ಹಿಡಿದರು, ಮಕ್ಕಳನ್ನು ಶಾಲೆಗೆ ಕಳುಹಿಸಿದರು. ೨೦೧೮ರಲ್ಲಿ ಭಾರತ ಸರ್ಕಾರವು ಸೀತವ್ವನವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.

ಪ್ರಶಸ್ತಿ ಬಂದುದರಿಂದ ಅವರು ವೀರರಾದರೆಂದು ತಿಳಿಯಬಾರದು. ಪ್ರಶಸ್ತಿ ಬಹಳ ತಡವಾಗಿ ಬರುವ ಅತಿಥಿ. ಅವರ ಧೈರ್ಯ ಎಲ್ಲಿತ್ತು ಎಂಬುದನ್ನು ತಿಳಿಯಬೇಕಾದರೆ ದೌರ್ಜನ್ಯವು ಮಗುವಿನ ಮನಸ್ಸಿನಲ್ಲಿ ಹೇಗೆ ಕೆಲಸಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಮಗುವಿಗೆ ಹಿಂಸೆ ಕೊಡುವವನು ಸಾಮಾನ್ಯವಾಗಿ ಕತ್ತಲೆಯಲ್ಲಿ ಅವಿತು ಕುಳಿತ ಅಪರಿಚಿತನಲ್ಲ. ೨೦೦೭ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ವಿಚಾರಿಸಿ ಒಂದು ವರದಿಯನ್ನು ಪ್ರಕಟಿಸಿತು. ಲೈಂಗಿಕ ದೌರ್ಜನ್ಯದ ಒಂದಲ್ಲ ಒಂದು ರೂಪವನ್ನು ತಾವು ಅನುಭವಿಸಿದ್ದೇವೆಂದು ಅವರಲ್ಲಿ ನೂರಕ್ಕೆ ೫೩ ಮಂದಿ ತಿಳಿಸಿದರು. ಹುಡುಗಿಯರಷ್ಟೇ ಹುಡುಗರೂ ಅದಕ್ಕೆ ಗುರಿಯಾಗಿದ್ದರು. ಇದು ಹುಡುಗಿಯರ ಪಾಡು ಮಾತ್ರ ಎಂದು ನಂಬಿದ್ದವರಿಗೆ ವರದಿ ದಿಗ್ಭ್ರಮೆ ಹುಟ್ಟಿಸಿತು. ತಪ್ಪು ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಏಕೆ ಹೇಳಲಿಲ್ಲ ಎಂದು ಕೇಳುವವರುಂಟು. ಏಕೆ ಕೂಗಲಿಲ್ಲ, ಏಕೆ ಓಡಲಿಲ್ಲ ಎಂದು ಕೇಳುವವರೂ ಉಂಟು. ಬಲು ದೊಡ್ಡ ಭಯ ಎದುರಾದಾಗ ಪ್ರಾಣಿಯ ದೇಹ ಹೋರಾಡಬಹುದು, ಓಡಬಹುದು. ಎರಡೂ ಸಾಧ್ಯವಿಲ್ಲದಾಗ ಮರಗಟ್ಟಿ ನಿಲ್ಲುತ್ತದೆ. ಹಾವನ್ನು ಕಂಡ ಕಪ್ಪೆ ಅಲುಗದೆ ಕೂರುವುದನ್ನು ಹಳ್ಳಿಯ ಮಕ್ಕಳು ಕಂಡೇ ಇರುತ್ತಾರೆ. ಮನುಷ್ಯನ ದೇಹದಲ್ಲಿಯೂ ಇದೇ ನಿಯಮ. ಅದು ಒಪ್ಪಿಗೆಯಲ್ಲ, ಹೇಡಿತನವೂ ಅಲ್ಲ. ಇಚ್ಛೆಯ ಹಿಡಿತಕ್ಕೆ ಸಿಗದ ದೇಹಧರ್ಮ. ಇನ್ನು ಹೇಳದಿರುವುದಕ್ಕೆ ಕಾರಣ ಬೇರೆ. ಅನ್ನ ಹಾಕುವವರು, ಮುದ್ದಿಸುವವರು, ಗುರುಸಮಾನರು ನೋವು ಕೊಟ್ಟಾಗ ಮಗು ಅವರನ್ನು ಕೆಟ್ಟವರೆಂದು ತಿಳಿಯಲಾರದು; ಹಾಗೆ ತಿಳಿದರೆ ಅದಕ್ಕೆ ನಿಲ್ಲಲು ನೆಲವೇ ಇಲ್ಲವಾಗುತ್ತದೆ. ಆದಕಾರಣ ತಾನೇ ಕೆಟ್ಟ ಮಗುವೆಂದು ಅದು ತೀರ್ಮಾನಿಸಿಕೊಳ್ಳುತ್ತದೆ. ವರ್ಷಗಳು ಕಳೆದರೂ ಆ ತೀರ್ಪು ಮನಸ್ಸಿನ ತಳದಲ್ಲಿ ಉಳಿದಿರುತ್ತದೆ. ರಾತ್ರಿ ನಿದ್ದೆ ಬಾರದಿರುವುದು, ಕಾರಣವಿಲ್ಲದ ಕೋಪ, ಓದಿನಲ್ಲಿ ಹಿಂದೆ ಬೀಳುವುದು, ಯಾರನ್ನೂ ನಂಬಲಾಗದಿರುವುದು—ಇವೆಲ್ಲ ಅದರಿಂದ ಹುಟ್ಟಬಹುದಾದ ಕವಲುಗಳು. ಅಂತಹ ಹುಡುಗನನ್ನು ಶಾಲೆಯಲ್ಲಿ ದಡ್ಡನೆಂದೂ ಪುಂಡನೆಂದೂ ಕರೆದದ್ದೇ ಹೆಚ್ಚು.

ತಾನೇ ತನಗೆ ಕೊಟ್ಟುಕೊಂಡ ಆ ಸುಳ್ಳು ತೀರ್ಪನ್ನು ತಿರುಗಿಸುವುದು ಇವರ ಮೊದಲನೆಯ ಸಾಹಸ. ಕೋಟೆಯನ್ನು ಮುತ್ತಿದ ಸೈನಿಕನಿಗೆ ಶತ್ರು ಹೊರಗಿರುತ್ತಾನೆ, ಪಕ್ಕದಲ್ಲಿ ಸಂಗಾತಿಗಳಿರುತ್ತಾರೆ, ಕಹಳೆಯಿರುತ್ತದೆ. ಇವರಿಗೆ ಅದಾವುದೂ ಇಲ್ಲ. ಹೋರಾಟ ಒಳಗೆ, ಒಬ್ಬಂಟಿಯಾಗಿ, ನೋಡುವವರಿಲ್ಲದೆ ನಡೆಯುತ್ತದೆ. ಇದೇ ಜಿಲ್ಲೆಯ ಕೂಡಲಸಂಗಮದ ಹೆಸರನ್ನು ತನ್ನ ವಚನಗಳ ಅಂಕಿತದಲ್ಲಿ ಧರಿಸಿದ ಬಸವಣ್ಣನವರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸಂಕವ್ವೆ ಎಂಬ ಶರಣೆಯಿದ್ದಳು. ಲೋಕ ಆಕೆಯನ್ನು ಕೀಳು ಹೆಸರಿನಿಂದ ಕರೆಯುತ್ತಿತ್ತು. ಆಕೆ ತನ್ನ ವಚನಕ್ಕೆ ಆರಿಸಿಕೊಂಡ ಅಂಕಿತ 'ನಿರ್ಲಜ್ಜೇಶ್ವರ'—ಲಜ್ಜೆಯಿಲ್ಲದ ಒಡೆಯ. ಲೋಕ ತನ್ನ ತಲೆಯ ಮೇಲೆ ಹೊರಿಸಿದ ಲಜ್ಜೆಯನ್ನು ದೇವರ ಹೆಸರಿನಲ್ಲಿಯೇ ಕಳಚಿಟ್ಟ ಆ ಹೆಣ್ಣಿನ ದಿಟ್ಟತನಕ್ಕೆ ಸಾಟಿಯಾದುದು ಪುಲಕೇಶಿಯ ದಿಗ್ವಿಜಯದಲ್ಲಿಯೂ ಇಲ್ಲವೆನ್ನಬೇಕು.

ಮತ್ತೊಂದು ಸಾಹಸ ಇದಕ್ಕಿಂತ ದೊಡ್ಡದು. ನೋವುಂಡವರು ಬಲ ಬಂದಾಗ ಆ ನೋವನ್ನು ಮುಂದಿನವರಿಗೆ ದಾಟಿಸುವುದು ಮನುಷ್ಯರಲ್ಲಿ ಅಪರೂಪವಲ್ಲ. ಅತ್ತೆಯ ಕಾಟ ಸಹಿಸಿದ ಸೊಸೆ ತಾನು ಅತ್ತೆಯಾದಾಗ ಹಾಗೆಯೇ ನಡೆದುಕೊಂಡ ಕಥೆಗಳು ನಮ್ಮಲ್ಲಿ ಎಷ್ಟಿಲ್ಲ! ಮುತ್ತು ಕಟ್ಟುವ ಪದ್ಧತಿ ತಲೆಮಾರಿನಿಂದ ತಲೆಮಾರಿಗೆ ಬಂದುದೂ ಹೀಗೆಯೇ. ತಾಯಿಯ ಬಾಳು ಮಗಳ ಪಾಲಿಗೆ ಬರುತ್ತಿತ್ತು. ಆದರೆ ಸಾವಿರಾರು ತಾಯಂದಿರು, ಅಕ್ಷರ ಬಾರದವರು, ಹೊಲದ ಕೂಲಿಯನ್ನು ನಂಬಿದವರು, 'ನನ್ನ ಮಗಳಿಗೆ ಬೇಡ' ಎಂದರು. ಊರ ಹಿರಿಯರ ಬೆದರಿಕೆಯನ್ನೂ, ದೇವಿ ಮುನಿಯುತ್ತಾಳೆಂಬ ತಮ್ಮೊಳಗಿನ ಭಯವನ್ನೂ ಎದುರಿಸಿ ಅಂದರು. ನೂರಾರು ವರ್ಷಗಳ ಸರಪಳಿಯ ಕೊಂಡಿ ಕಳಚಿದ್ದು ಆ ಮಾತಿನಿಂದ. ಕಾಯಿದೆ ಅವರ ಬೆನ್ನಿಗೆ ನಿಂತಿತು, ನಿಜ. ಆದರೆ ೧೯೩೪ರ ಕಾಯಿದೆಯೂ ಇದ್ದಿತಷ್ಟೆ. ತಾಯಿ ಬೇಡವೆನ್ನುವವರೆಗೆ ಅದು ಕಾಗದವಾಗಿಯೇ ಉಳಿದಿತ್ತು.

ಇಂತಹವರು ಹೇಗೆ ನಿಂತು ಉಳಿಯುತ್ತಾರೆ ಎಂಬುದನ್ನು ವಿದ್ವಾಂಸರೂ ಅರಸಿದ್ದಾರೆ. ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದೊಂದು. ಅಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆಯೂ ಆಕೆಯ ಸಂಗಡಿಗರೂ ಅವರು ನಡುವಯಸ್ಸಿಗೆ ಬರುವವರೆಗೆ ಗಮನಿಸುತ್ತ ಬಂದರು. ಬಡತನ, ಮನೆಯ ಜಗಳ, ತಂದೆತಾಯಿಗಳ ಕುಡಿತ ಇಲ್ಲವೆ ಮನೋರೋಗ ಮುಂತಾದ ಹಲವು ಕಷ್ಟಗಳು ಒಟ್ಟಿಗೆ ಕವಿದಿದ್ದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲಿ ಒಂದು ಪಾಲು ಸಮರ್ಥರಾಗಿ, ಇತರರನ್ನು ಪ್ರೀತಿಸಬಲ್ಲವರಾಗಿ ಬೆಳೆದರು. ಅವರ ಬಾಳಿನಲ್ಲಿ ಕಂಡ ಒಂದು ಮುಖ್ಯ ಸಂಗತಿಯೆಂದರೆ, ಅಜ್ಜಿಯೋ ನೆರೆಯವರೋ ಉಪಾಧ್ಯಾಯರೋ, ಅವರನ್ನು ನಂಬಿ ಕೈಹಿಡಿದ ದೊಡ್ಡವರೊಬ್ಬರಾದರೂ ಇದ್ದುದು. ಒಬ್ಬರು ಸಾಕಾಯಿತು! ಅಷ್ಟು ಸುಲಭವಾದುದು ಎಷ್ಟು ಮಕ್ಕಳಿಗೆ ದೊರೆಯುವುದಿಲ್ಲವೆಂದು ನೆನೆದಾಗ ಖೇದವಾಗುತ್ತದೆ.

'ವೀರ' ಎಂಬ ಹೊಗಳಿಕೆಯಲ್ಲಿ ಒಂದು ಅಪಾಯವೂ ಅಡಗಿದೆ. ಹೊರಬಂದು ಹೇಳಿದವರನ್ನು ವೀರರೆಂದ ಮೇಲೆ, ಹೇಳಲಾರದೆ ಉಳಿದವರು ಹೇಡಿಗಳೆಂದು ಅರ್ಥವಾಗಬಾರದು. ಒಬ್ಬಾಕೆ ಸಭೆಯಲ್ಲಿ ನಿಂತು ಮಾತನಾಡುತ್ತಾಳೆ. ಇನ್ನೊಬ್ಬಾಕೆ ಯಾರಿಗೂ ಹೇಳದೆ, ಬೆಳಗ್ಗೆ ಎದ್ದು ರೊಟ್ಟಿ ಬಡಿದು, ಮಕ್ಕಳ ತಲೆ ಬಾಚಿ ಶಾಲೆಗೆ ಕಳುಹಿಸುತ್ತಾಳೆ. ಇಬ್ಬರಲ್ಲಿ ಯಾರ ಧೈರ್ಯ ಹೆಚ್ಚಿನದೆಂದು ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ನೋವಿನಿಂದಲೇ ಮನುಷ್ಯ ದೊಡ್ಡವನಾಗುತ್ತಾನೆ ಎಂಬ ಮಾತನ್ನೂ ಇಲ್ಲಿ ತರಬಾರದು. ಸೀತವ್ವನವರಿಗೆ ಆ ಬಾಲ್ಯ ಇಲ್ಲದಿದ್ದರೆ ಪದ್ಮಶ್ರೀ ಬರುತ್ತಿರಲಿಲ್ಲವೆಂದು ಯಾರಾದರೂ ಹೇಳಿದರೆ, ಪದ್ಮಶ್ರೀಗಿಂತ ಆ ಬಾಲ್ಯವೇ ದೊಡ್ಡದಾಗಿತ್ತು ಎಂದು ಅವರಿಗೆ ಉತ್ತರ ಕೊಡಬೇಕು. ಮಗು ವೀರನಾಗಬೇಕಾದ ಪ್ರಸಂಗವೇ ಬರಬಾರದು. ಬಂದಲ್ಲಿ, ಅದು ಸುತ್ತಲಿನ ದೊಡ್ಡವರ ಸೋಲು. ಹಾರ ಹಾಕಿ ಕೈತೊಳೆದುಕೊಳ್ಳುವುದಕ್ಕೆ ಅವಕಾಶವಿಲ್ಲ.

ದೊಡ್ಡವರ ಕರ್ತವ್ಯವನ್ನು ಈಗ ಕಾನೂನು ಸ್ಪಷ್ಟವಾಗಿ ಬರೆದಿಟ್ಟಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಅಧಿನಿಯಮವು, ಜನರು ಪೋಕ್ಸೊ ಎಂದು ಕರೆಯುವುದು, ಹದಿನೆಂಟು ವರ್ಷ ತುಂಬದ ಹುಡುಗಿಗೂ ಹುಡುಗನಿಗೂ ಸಮನಾಗಿ ಅನ್ವಯಿಸುತ್ತದೆ. ಇಂತಹ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ತಿಳಿಸಲೇಬೇಕು, ಮುಚ್ಚಿಡುವುದೂ ಅಪರಾಧ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೋ ಮಗು ಬಯಸಿದ ಜಾಗದಲ್ಲಿಯೋ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ನ್ಯಾಯಾಲಯದಲ್ಲಿ ಮಗು ಆರೋಪಿಯ ಮುಖ ನೋಡುವ ಪ್ರಸಂಗ ಬಾರದಂತೆ ನೋಡಿಕೊಳ್ಳಬೇಕು. ಮಗುವಿನ ಹೆಸರು, ಶಾಲೆ, ಊರು ಪತ್ರಿಕೆಗಳಲ್ಲಿ ಬರಕೂಡದು. ೧೦೯೮ ಎಂಬ ಸಂಖ್ಯೆಗೆ ಮಗುವಾಗಲಿ, ಮಗುವಿನ ಪರವಾಗಿ ಇತರರಾಗಲಿ ಹಗಲು ರಾತ್ರಿಯೆನ್ನದೆ ಕರೆಮಾಡಬಹುದು. ಕರೆಗೆ ಹಣ ತಗಲುವುದಿಲ್ಲ. ಮೊದಲು ಹೇಳಿಕೊಂಡ ದೊಡ್ಡವರು ನಂಬದಿದ್ದರೆ ಎರಡನೆಯವರಿಗೆ, ಅವರೂ ನಂಬದಿದ್ದರೆ ಮೂರನೆಯವರಿಗೆ ಹೇಳುವ ಹಕ್ಕು ಪ್ರತಿಯೊಂದು ಮಗುವಿಗೂ ಉಂಟು.

ಮುತ್ತು ಕಟ್ಟುವ ಪದ್ಧತಿಯ ವಿರುದ್ಧ ದುಡಿಯುವ ಹೆಣ್ಣುಮಕ್ಕಳ ಕೆಲಸ ಇನ್ನೂ ಮುಗಿದಿಲ್ಲ. ಯಾವುದೋ ಓಣಿಯಲ್ಲಿ ಹುಡುಗಿಯ ಕೂದಲು ಜಡೆಗಟ್ಟಿದೆ, ಹಿರಿಯರು ದೇವಿಯ ಮಾತೆತ್ತಿದ್ದಾರೆ ಎಂಬ ಸುದ್ದಿ ಬಂದರೆ ಕಾರ್ಯಕರ್ತೆಯರು ಆ ಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ಬೈಗುಳ ಕೇಳಬೇಕಾಗುತ್ತದೆ. ಒಂದು ಸಲಕ್ಕೆ ಕೆಲಸವಾಗುವುದಿಲ್ಲ. ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅವಳ ಮಾತನ್ನೆಲ್ಲ ಕೇಳಿ, ತಮ್ಮ ಕೊರಳಿಗೂ ಎಷ್ಟನೆಯ ವಯಸ್ಸಿನಲ್ಲಿ ಮುತ್ತು ಬಿದ್ದಿತೆಂಬುದನ್ನು ಹೇಳುತ್ತಾರೆ. ಆಕೆ ಒಪ್ಪಿದ ದಿನ ಕತ್ತರಿ ತಂದು, ಗಂಟುಗಟ್ಟಿದ ಕೂದಲನ್ನು ಕತ್ತರಿಸಿ, ತಲೆಗೆ ಎಣ್ಣೆ ಹಚ್ಚಿ, ಬಿಸಿನೀರಿನಲ್ಲಿ ತೊಳೆಯುತ್ತಾರೆ. ಮರುದಿನ ಹುಡುಗಿ ಶಾಲೆಗೆ ಹೋಗುತ್ತಾಳೆ.